ವೇದಿಕೆಯಲ್ಲಿ ಡಮಾಮಿ, ಬಾಡಿಗೆ ಮನೆಗೆ ಬೀಗ

ಕಳೆದ ವರ್ಷ ಉಪನಗರದ ನಮ್ಮ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಉತ್ತರ ಕನ್ನಡದ ಸಿದ್ದಿ ಕಲಾವಿದರ ಡಮಾಮಿ ಕುಣಿತ ಏರ್ಪಡಿಸಲಾಗಿತ್ತು. ಸಭಾಗೃಹ ಕಿಕ್ಕಿರಿದಿತ್ತು. ಡಮಾಮಿಯ ಪೆಟ್ಟಿಗೆ ಹಿಂದಿನ ಸಾಲಿನ ಹುಡುಗರು ಎದ್ದು ಕುಣಿದರೆ ಮುಂದಿನ ಸಾಲಿನ ಗಣ್ಯರು ಕೂತಲ್ಲೇ ತಾಳ ಹಾಕಿದರು. ಕೊನೆಗೆ ಶಾಲು, ಹಾರ, ಸ್ಮರಣಿಕೆ. ಇವರು ಕನ್ನಡ ನಾಡಿನ ಹೆಮ್ಮೆ ಎಂದು ಅಧ್ಯಕ್ಷರು ಹೇಳಿದಾಗ ಬಿದ್ದ ಚಪ್ಪಾಳೆಯಲ್ಲಿ ನನ್ನದೂ ಇತ್ತು. ಊಟ ಮುಗಿಸಿ ತಂಡ ರಾತ್ರಿ ಬಸ್ಸಿಗೆ ಊರಿಗೆ ಹೊರಟಿತು.

ಅದಾಗಿ ಎರಡು ತಿಂಗಳಿಗೆ ಇಬ್ಬರು ಸಿದ್ದಿ ತರುಣರು ಮೀರಾರೋಡಿನ ನಮ್ಮ ಕಟ್ಟಡಕ್ಕೆ ಬಂದರು. ಕುಣಿಯಲು ಬಂದವರಲ್ಲ, ಮನೆ ಹುಡುಕಿಕೊಂಡು ಬಂದವರು. ಒಬ್ಬನಿಗೆ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ, ಇನ್ನೊಬ್ಬ ಕೊರಿಯರ್ ಹಂಚುವವ. ಊರಿಗೆ ಹೋಗಿ ನೆಲೆಸಿದ ಸ್ನೇಹಿತರೊಬ್ಬರ ಫ್ಲ್ಯಾಟಿನ ಚಾವಿ ನನ್ನ ಬಳಿ ಇತ್ತು. ಒಳ್ಳೆಯ ಜನ ಸಿಕ್ಕಿದರೆ ಕೊಡಿ ಎಂದಿದ್ದರು. ಆಧಾರ್ ಕಾರ್ಡು, ಕೆಲಸದ ಚೀಟಿ, ಡಿಪಾಸಿಟ್ಟಿನ ಹಣ ಎಲ್ಲ ಸರಿಯಾಗಿತ್ತು. ಮಾತು ಅಚ್ಚ ಕನ್ನಡ. ಆದರೆ ಗೇಟಿನ ವಾಚ್‌ಮನ್ ಅವರನ್ನು ಒಳಗೆ ಬಿಡುವ ಮೊದಲೇ ಸೆಕ್ರೆಟರಿಗೆ ಫೋನ್ ಮಾಡಿದ್ದ. ಸಂಜೆ ಕಮಿಟಿಯ ತುರ್ತು ಸಭೆ ಸೇರಿತು. ನೈಜೀರಿಯನ್ನರಿಗೆ ಫ್ಲ್ಯಾಟ್ ಕೊಡಕೂಡದು ಎಂದು ಮೊದಲು ಹೇಳಿದವರು ಗುಜರಾತಿಯಲ್ಲ, ಮರಾಠಿಗರೂ ಅಲ್ಲ. ನಮ್ಮ ಊರಿನವರೇ ಆದ ಖಜಾಂಚಿ. ವಾರ್ಷಿಕೋತ್ಸವದ ದಿನ ಅವರು ನನ್ನ ಪಕ್ಕದಲ್ಲೇ ಕೂತಿದ್ದರು.

'ನಾವು ನೈಜೀರಿಯಾದವರಲ್ಲ ಸರ್, ಯಲ್ಲಾಪುರದ ಕಡೆಯವರು' ಎಂದು ಆ ಹುಡುಗ ಎರಡು ಸಲ ಹೇಳಿದ. ನೋಡುವವರಿಗೆ ಹೇಗೆ ಗೊತ್ತಾಗಬೇಕು ಎಂದು ಯಾರೋ ಕೇಳಿದರು. ಉಳಿದವರು ನಕ್ಕರು. ನಾನು ನಗಲಿಲ್ಲ, ಮಾತೂ ಆಡಲಿಲ್ಲ. ಗೇಟಿನ ತನಕ ಹೋಗಿ ಅವರನ್ನು ಕಳಿಸಿಕೊಟ್ಟು ಬಂದೆ.

ನಿಜ ಹೇಳಬೇಕೆಂದರೆ ಕಮಿಟಿಗೆ ಆ ಅಧಿಕಾರವೇ ಇರಲಿಲ್ಲ. ಫ್ಲ್ಯಾಟ್ ಬಾಡಿಗೆಗೆ ಕೊಡುವ ಸದಸ್ಯ ಸೊಸೈಟಿಗೆ ಮಾಹಿತಿ ಕೊಟ್ಟರೆ ಸಾಕು, ಒಪ್ಪಿಗೆ ಬೇಡಬೇಕಾಗಿಲ್ಲ ಎಂದು ಮಹಾರಾಷ್ಟ್ರದ ಮಾದರಿ ಉಪವಿಧಿಗಳು ಹೇಳುತ್ತವೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ ಎಂಬುದೇ ಈ ಲೇಖನ ಬರೆಯಲು ಕಾರಣ.

ಸಿದ್ದಿಗಳು ಯಾರೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿ ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ ಕಡೆಗಳಲ್ಲಿ ನೆಲೆಸಿದೆ. ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಇದ್ದಾರೆ. ಕೇಂದ್ರ ಸರಕಾರ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಂದರೆ ವಿಧಾನಸೌಧದ ಬಾಗಿಲು ಅವರಿಗೆ ತೆರೆದಿದೆ, ನಮ್ಮ ಸೊಸೈಟಿಯ ಗೇಟು ತೆರೆದಿಲ್ಲ!

ಈ ದಖ್ಖಣಕ್ಕೆ ಆಫ್ರಿಕದವರು ಹೊಸಬರೂ ಅಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯದ ಆಡಳಿತ ನಡೆಸಿ, 1610ರಲ್ಲಿ ಖಡಕಿ ಎಂಬ ಊರು ಕಟ್ಟಿಸಿದ. ಮುಂದೆ ಔರಂಗಾಬಾದ್ ಎನಿಸಿ ಈಗ ಛತ್ರಪತಿ ಸಂಭಾಜಿನಗರವಾಗಿರುವುದು ಅದೇ. ನಮ್ಮ ಸಂಘಗಳು ಒಂದು ದಿನದ ಪ್ರವಾಸಕ್ಕೆ ಹೋಗುವ ಮುರುಡ ಜಂಜೀರಾ 1948ರ ತನಕ ಸಿದ್ದಿ ನವಾಬರ ಸಂಸ್ಥಾನವಾಗಿತ್ತು. 1689ರಲ್ಲಿ ಜಂಜೀರಾದ ಸಿದ್ದಿ ದಂಡು ಮುಂಬಯಿಗೇ ಮುತ್ತಿಗೆ ಹಾಕಿತ್ತು. ಮುಂಬಯಿಯಲ್ಲಿ ನಾವು ಮೊದಲ ಇಡ್ಲಿ ಬೇಯಿಸುವುದಕ್ಕಿಂತ ಬಹಳ ಮೊದಲಿನ ಮಾತಿದು.

ಇನ್ನು ನಮ್ಮ ಕಥೆ. ಈ ಮಹಾನಗರ ನಮ್ಮ ಕರ್ಮಭೂಮಿ, ನಮ್ಮನ್ನು ಕೈಬೀಸಿ ಕರೆದು ಸಾಕಿ ಸಲಹಿದೆ ಎಂದು ಪ್ರತಿ ಸಭೆಯಲ್ಲೂ ಭಾಷಣ ಮಾಡುತ್ತೇವೆ. ಅದು ಅರ್ಧ ನಿಜ. ದುಡಿಮೆ ಕೊಟ್ಟದ್ದು ಹೌದು. ಕರೆದು ಮನೆಯೊಳಗೆ ಕೂರಿಸಿತೇ? ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದ್ದು ಬರೇ ಭಾಷಾಭಿಮಾನದಿಂದಲ್ಲ. ಬಂದವನಿಗೆ ಒಂದು ನೆಲೆ, ಕಷ್ಟಕ್ಕೆ ನಾಲ್ಕು ಜನ ಬೇಕಿತ್ತು.

ನನ್ನ ತಂದೆಯವರು 1956ರಲ್ಲಿ ಹದಿಮೂರನೇ ವಯಸ್ಸಿಗೆ ಕಾರ್ಕಳ ಕಡೆಯಿಂದ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಮೇಜು ಒರೆಸುವುದು, ಸಂಜೆ ರಾತ್ರಿ ಶಾಲೆ, ಮಲಗುವುದು ಅದೇ ಮೇಜುಗಳ ಮೇಲೆ. ಅವಕಾಶ ಎಂದರೆ ಅದು, ಸಿಕ್ಕಿತು. ಆದರೆ 1967ರಲ್ಲಿ ಮದುವೆಯಾಗಿ ಖೋಲಿ ಹುಡುಕಿದಾಗ 'ಮದ್ರಾಸಿ ಲೋಕಾನ್ನಾ ಖೋಲಿ ದೇತ್ ನಾಹಿ' ಎಂಬ ಉತ್ತರ. ಕನ್ನಡ, ತುಳು, ತಮಿಳು, ಮಲಯಾಳ ಎಲ್ಲವೂ ಅವರಿಗೆ ಮದ್ರಾಸೇ. ತಂದೆಯವರೂ 'ನಾವು ಮದ್ರಾಸಿನವರಲ್ಲ' ಎಂದು ಎಷ್ಟು ಕಡೆ ಹೇಳಿದ್ದರೋ!

ಆ ಕಾಲ ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. 1960ರಲ್ಲಿ ಶುರುವಾದ 'ಮಾರ್ಮಿಕ' ವಾರಪತ್ರಿಕೆ ಕಚೇರಿಗಳಲ್ಲಿ ದುಡಿಯುವ ದಕ್ಷಿಣದವರ ಹೆಸರುಗಳ ಪಟ್ಟಿ ಅಚ್ಚುಹಾಕುತ್ತಿತ್ತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಲುಂಗಿ ಹಟಾವ್ ಎಂಬ ಕೂಗು ಬೀದಿಗಿಳಿಯಿತು. 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ಹೆಸರಿನಲ್ಲಿ ನಡೆದ ಗಲಭೆಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು, ಉಡುಪಿ ಹೋಟೆಲುಗಳಿಗೆ ಕಲ್ಲು, ಬೆಂಕಿ ಬಿತ್ತು. ಇದೇ ಮುಂಬಯಿ 1967ರ ಚುನಾವಣೆಯಲ್ಲಿ ಮಂಗಳೂರಿನ ಜಾರ್ಜ್ ಫೆರ್ನಾಂಡಿಸರನ್ನು ದಕ್ಷಿಣ ಮುಂಬಯಿಯಿಂದ ಗೆಲ್ಲಿಸಿ, ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಮನೆಗೆ ಕಳಿಸಿತು ಎಂಬುದನ್ನೂ ಹೇಳಲೇಬೇಕು. ಈ ಊರಿಗೆ ಒಂದೇ ಮುಖ ಎನ್ನುವಂತಿಲ್ಲ.

ಅಮೆರಿಕದ ಶಿಕಾಗೋ ಕೂಡ ಹೀಗೆಯೇ. ದಕ್ಷಿಣದ ರಾಜ್ಯಗಳಿಂದ ಬಂದ ಕರಿಯ ಜನಾಂಗದ ಲಕ್ಷಾಂತರ ಮಂದಿಗೆ ಕಾರ್ಖಾನೆಗಳಲ್ಲಿ ಕೆಲಸ ಕೊಟ್ಟಿತು, ಬಿಳಿಯರ ಬಡಾವಣೆಯಲ್ಲಿ ಮನೆ ಮಾತ್ರ ಕೊಡಲಿಲ್ಲ. ಮುಂಬಯಿಯಲ್ಲಿ ಸೇನೆ ಹುಟ್ಟಿದ ಅದೇ 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿನ ಹರಕು ಬಾಡಿಗೆ ಮನೆಯೊಂದಕ್ಕೆ ಹೋಗಿ ನೆಲೆಸಿ ಚಳವಳಿ ನಡೆಸಿದರು. ಬಿಳಿಯರ ಬಡಾವಣೆಯಲ್ಲಿ ಮೆರವಣಿಗೆ ಹೋದಾಗ ಅವರ ತಲೆಗೆ ಕಲ್ಲೇಟು ಬಿತ್ತು. 1968ರ ಏಪ್ರಿಲ್‌ನಲ್ಲಿ ಅವರ ಹತ್ಯೆಯಾಗಿ ಒಂದು ವಾರದಲ್ಲಿ, ಮನೆ ಕೊಡುವಾಗ ಬಣ್ಣ ನೋಡಬಾರದೆಂಬ ಕಾನೂನು ಬಂತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಬದಲಿಗೆ ಒಂದು ಸಹಕಾರಿ ಸೊಸೈಟಿ ತನ್ನ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಡಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಆಫ್ರಿಕದವರು ಮಾದಕ ವಸ್ತು ಮಾರುತ್ತಾರೆ, ನಮ್ಮ ಮಕ್ಕಳ ಗತಿಯೇನು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಂಥ ಪ್ರಕರಣಗಳಲ್ಲಿ ಬಂಧನಗಳಾಗಿವೆ, ಪೇಪರಿನಲ್ಲಿ ನಾವೇ ಓದಿದ್ದೇವೆ. ತಪ್ಪು ಮಾಡಿದವನನ್ನು ಪೊಲೀಸರು ಹಿಡಿಯಲಿ. ಆದರೆ 2005ರಲ್ಲಿ ಸರಕಾರ ಡ್ಯಾನ್ಸ್ ಬಾರ್ ನಿಷೇಧಿಸಿದಾಗ ಏನಾಯಿತು ನೆನಪಿದೆಯೇ? ಶೆಟ್ಟಿ ಎಂದರೆ ಬಾರ್ ಎಂದು ಊರೆಲ್ಲ ಮಾತಾಡಿತು. ಇಡ್ಲಿ ಸಾಂಬಾರು ಬಡಿಸಿ ಮಕ್ಕಳನ್ನು ಓದಿಸಿದವರೂ ಆ ಮಾತು ಕೇಳಬೇಕಾಯಿತು. ಆಗ ನಾವು ಸಭೆ ಕರೆದು, ಕೆಲವರನ್ನು ನೋಡಿ ಎಲ್ಲರನ್ನೂ ಅಳೆಯಬೇಡಿ ಎಂದೆವು. ನೈಜೀರಿಯಾದವನು ಸಭೆ ಕರೆಯಲು ಇಲ್ಲಿ ಅವನಿಗೆ ಹಾಲ್ ಕೊಡುವವರಾರು?

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಬಹಳ ದಿನ ನನ್ನ ಮನಸ್ಸಿಗೆ ಹತ್ತಿದ ನೋವು 'ಅಯ್ಯೋ, ಅವರು ನಮ್ಮವರು, ಕನ್ನಡಿಗರು' ಎಂಬುದಾಗಿತ್ತು. ಹಾಗಾದರೆ ಆ ಹುಡುಗ ನಿಜವಾಗಿ ಲಾಗೋಸಿನವನಾಗಿದ್ದು, ಪಾಸ್‌ಪೋರ್ಟ್ ವೀಸಾ ಸರಿಯಿದ್ದು, ಇಲ್ಲಿಂದ ಬಟ್ಟೆ ಕೊಂಡು ಊರಿಗೆ ಕಳಿಸುವ ವ್ಯಾಪಾರಿಯಾಗಿದ್ದರೆ ಗೇಟಿನಿಂದ ಅಟ್ಟಿದ್ದು ಸರಿಯೇ? ಬೆಂಗಳೂರಿನಲ್ಲಿ 2016ರ ಜನವರಿ ಕೊನೆಯಲ್ಲಿ ಸೂಡಾನಿನವನೊಬ್ಬ ಮಾಡಿದ ಅಪಘಾತದ ಸಿಟ್ಟನ್ನು, ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಜನ ತೀರಿಸಿಕೊಂಡರು. ಯಾವ ದೇಶ ಎಂದು ಯಾರೂ ಕೇಳಲಿಲ್ಲ, ಬಣ್ಣ ಸಾಕಾಗಿತ್ತು. ಯಲ್ಲಾಪುರದ ಹುಡುಗನ ಗುರುತು ಚೀಟಿ ಎಷ್ಟು ದಿನ ಅವನನ್ನು ಕಾಪಾಡೀತು?

ನಮ್ಮ ಸಂಘ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ವಿದ್ಯಾರ್ಥಿ ವೇತನ, ವೈದ್ಯಕೀಯ ನೆರವು, ವಧೂವರರ ನೋಂದಣಿ ಎಲ್ಲ ಮಾಡುತ್ತೀರಿ. ಇದರ ಜೊತೆ ಬಾಡಿಗೆಗೆ ಮನೆ ಕೊಡಬಲ್ಲ ಸದಸ್ಯರದೊಂದು ಪುಸ್ತಕ ಇಡಿ. ಡಮಾಮಿ ತಂಡದವರನ್ನು ಕರೆಸಿದಾಗ ಅವರ ಊರಿನ ಹುಡುಗರು ಇಲ್ಲಿ ಎಲ್ಲಿ ದುಡಿಯುತ್ತಾರೆ, ಎಲ್ಲಿ ಮಲಗುತ್ತಾರೆ ಎಂದು ಕೇಳಿ. ಸಂಘದ ಲೆಟರ್‌ಹೆಡ್ಡಿನಲ್ಲಿ ಅವರಿಗೆ ನಾಲ್ಕು ಸಾಲಿನ ಪರಿಚಯ ಪತ್ರ ಕೊಡಿ. ಸ್ಮರಣಿಕೆಗಿಂತ ಅಗ್ಗ!

ನನ್ನ ತಂದೆ ತಾಯಿಗೆ ಕೊನೆಗೆ ಖೋಲಿ ಸಿಕ್ಕಿದ್ದು ಕಾಳಾಚೌಕಿಯ ಚಾಳಿನಲ್ಲಿ, ಒಬ್ಬ ವಿಧವೆ ಮರಾಠಿ ಮುದುಕಿಯ ಮನೆಯ ಅರ್ಧ ಭಾಗದಲ್ಲಿ. ಅಕ್ಕಪಕ್ಕದವರು ಬೇಡವೆಂದರೂ ಕೊಟ್ಟವಳು. 1969ರ ಆ ಗಲಭೆಯ ರಾತ್ರಿಗಳಲ್ಲಿ ನಮ್ಮ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, 'ಊರಿಗೆ ಹೋಗಿದ್ದಾರೆ' ಎಂದು ಬಂದವರಿಗೆ ಹೇಳಿ, ತಾನು ಹೊಸ್ತಿಲಲ್ಲೇ ಚಾಪೆ ಹಾಸಿಕೊಂಡಳಂತೆ. ಅಮ್ಮ ಸಾಯುವ ತನಕ ಅವಳನ್ನು 'ಆಯಿ' ಎಂದೇ ಕರೆಯುತ್ತಿದ್ದಳು.

ಆ ಇಬ್ಬರು ಹುಡುಗರು ಈಗ ನಾಲಾಸೋಪಾರದಲ್ಲಿ ಆರು ಮಂದಿಯ ಜೊತೆ ಒಂದು ಕೋಣೆಯಲ್ಲಿದ್ದಾರೆ. ನನ್ನ ಸ್ನೇಹಿತರ ಫ್ಲ್ಯಾಟ್ ಇನ್ನೂ ಖಾಲಿ. ಊರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಾಗ ಅವರು, 'ಚಾವಿ ನಿಮ್ಮಲ್ಲಿದೆ ಮಾರಾಯ್ರೆ, ನನ್ನನ್ನು ಯಾಕೆ ಕೇಳುವುದು?' ಎಂದರು. ಈ ತಿಂಗಳ ಕೊನೆಯ ಭಾನುವಾರ ಸೊಸೈಟಿಯ ವಾರ್ಷಿಕ ಮಹಾಸಭೆ. ಬಾಡಿಗೆದಾರರ ವಿಷಯ ಚರ್ಚೆಗೆ ಬರಲಿ ಎಂದು ಬರೆದುಕೊಟ್ಟು, ಸೆಕ್ರೆಟರಿಯ ಸಹಿ ಪಡೆದು ಒಂದು ಪ್ರತಿ ಇಟ್ಟುಕೊಂಡಿದ್ದೇನೆ. ಹುಡುಗರಿಗೂ ಆ ದಿನ ಬನ್ನಿ ಎಂದಿದ್ದೇನೆ. ಹೋಟೆಲಿನ ಹುಡುಗನಿಗೆ ಭಾನುವಾರ ರಜೆ ಸಿಗುವುದಿಲ್ಲವಂತೆ. ಇನ್ನೊಬ್ಬ ಬರುತ್ತಾನೆ.