ಹೊಸ್ತಿಲು ದಾಟಿದ ಕಸ

ಬೆಳಕು ಹರಿಯುವ ಮುನ್ನ ಅಂಗಳವನ್ನು ಗುಡಿಸಿ, ನೀರು ಚಿಮುಕಿಸಿ, ಹೊಸ್ತಿಲ ಮುಂದೆ ರಂಗೋಲಿ ಇಡುವುದು ಹಾಸನ ಸೀಮೆಯ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಪದ್ಧತಿ. ಹೊಳೆನರಸೀಪುರದ ಹಳೆಯ ಬೀದಿಗಳಲ್ಲಾಗಲಿ, ಅರಕಲಗೂಡು, ಚನ್ನರಾಯಪಟ್ಟಣಗಳ ಹೊಸ ಬಡಾವಣೆಗಳಲ್ಲಾಗಲಿ ಈ ದೃಶ್ಯ ಇಂದಿಗೂ ಅಪರೂಪವಲ್ಲ. ಶುಚಿತ್ವದಲ್ಲಿ ಇಷ್ಟು ಶ್ರದ್ಧೆಯುಳ್ಳ ಜನರ ಊರು ಎಷ್ಟು ಶುಚಿಯಾಗಿರಬೇಕು! ಆದರೆ ರಂಗೋಲಿಯಿಂದ ಹತ್ತು ಮಾರು ದೂರ ನಡೆದರೆ ಚರಂಡಿಯಲ್ಲಿ ಪ್ಲಾಸ್ಟಿಕ್ ಚೀಲಗಳು ತೇಲುತ್ತಿರುತ್ತವೆ; ಬೀದಿಯ ತಿರುವಿನಲ್ಲಿ ಕಸದ ಗುಡ್ಡೆಯನ್ನು ನಾಯಿಗಳು ಕೆದಕುತ್ತಿರುತ್ತವೆ. ಅಂಗಳವನ್ನು ಬೆಳಗಿದ ಕೈಯೇ ಬೀದಿಯನ್ನು ಹೊಲಸು ಮಾಡಿರುತ್ತದೆ. ಈ ವೈಪರೀತ್ಯಕ್ಕೆ ಕಾರಣವೇನು? ಹೊಸ್ತಿಲು ದಾಟಿದ ಕಸ ತನ್ನದಲ್ಲ ಎಂಬ ಭಾವನೆಯೇ ಕಾರಣ.

ಈ ಭಾವನೆ ತಪ್ಪು. ‘ಎಸೆದೆ’ ಎಂದು ಹೇಳುವಾಗ ಮನುಷ್ಯನು ಆ ವಸ್ತು ಇಲ್ಲವಾಯಿತೆಂದು ತಿಳಿಯುತ್ತಾನೆ. ಆದರೆ ಎಸೆದುದು ಯಾವುದೂ ಇಲ್ಲವಾಗುವುದಿಲ್ಲ. ಅದು ಒಂದು ಕೈಯಿಂದ ಮತ್ತೊಂದು ಕೈಗೆ ಹೋಗುತ್ತದೆ, ಅಷ್ಟೆ. ಸಾಮಾನ್ಯ ದಿನಗಳಲ್ಲಿ ಆ ಮತ್ತೊಂದು ಕೈ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಕಾಣಿಸಿಕೊಟ್ಟದ್ದು ಒಂದು ಮಹಾಮಾರಿ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ಪಿಡುಗೆಂದು ಸಾರಿತು. ಅದೇ ತಿಂಗಳ 25ರಿಂದ ಇಡೀ ದೇಶ ಬಾಗಿಲು ಮುಚ್ಚಿತು. ಹಾಸನ ಜಿಲ್ಲೆಯು ಮೇ ತಿಂಗಳ ಎರಡನೆಯ ವಾರದವರೆಗೂ ರೋಗವಿಲ್ಲದ ಹಸಿರು ವಲಯವಾಗಿತ್ತು. ಮೇ 12ರಂದು ಮುಂಬಯಿಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರಲ್ಲಿ ಮೊದಲ ಬಾರಿಗೆ ಸೋಂಕು ಕಂಡುಬಂದಿತು. ಆ ದಿನಗಳಲ್ಲಿ ಶಾಲೆ ನಿಂತಿತು, ಬಸ್ಸು ನಿಂತಿತು, ಸಂತೆ ನಿಂತಿತು. ನಿಲ್ಲದೆ ನಡೆದ ಕೆಲವೇ ಕೆಲಸಗಳಲ್ಲಿ ಕಸ ಸಾಗಿಸುವ ಕೆಲಸವೂ ಒಂದು. ಹಾಸನದ ನಗರಸಭೆಯಾಗಲಿ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಪುರಸಭೆಗಳಾಗಲಿ, ಅರಕಲಗೂಡಿನ ಪಟ್ಟಣ ಪಂಚಾಯಿತಿಯಾಗಲಿ ಅದನ್ನು ನಿಲ್ಲಿಸುವಂತಿರಲಿಲ್ಲ. ನೆರೆಮನೆಯವರ ಬಾಗಿಲಿಗೆ ಹೋಗಲೂ ಜನ ಹೆದರುತ್ತಿದ್ದ ಕಾಲದಲ್ಲಿ ಎಲ್ಲ ಮನೆಗಳ ಬಾಗಿಲಿಗೂ ಬರಬೇಕಾದವರು ಪೌರಕಾರ್ಮಿಕರು.

ಅವರ ಕೈಗೆ ಬಂದ ಕಸ ಎಂತಹುದು? ಬಳಸಿದ ಮುಖಗವಸು, ಕೈಗವಸು, ಔಷಧಿಯ ಬಾಟಲಿ, ಪೊಟ್ಟಣ ಕಟ್ಟಿದ ಪ್ಲಾಸ್ಟಿಕ್ಕು. ರೋಗಾಣುವು ಪ್ಲಾಸ್ಟಿಕ್ಕಿನ ಮೇಲೆ ಮೂರು ದಿನಗಳವರೆಗೂ ಉಳಿಯಬಲ್ಲದೆಂದು 2020ರ ಮಾರ್ಚ್‌ನಲ್ಲಿ ಪ್ರಕಟವಾದ ಪ್ರಯೋಗವೊಂದು ತಿಳಿಸಿತು. ಈ ರೋಗ ಹೆಚ್ಚಾಗಿ ಹರಡುವುದು ಉಸಿರಿನ ಮೂಲಕ, ವಸ್ತುಗಳ ಮೂಲಕ ಹರಡುವುದು ಕಡಿಮೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಆದರೆ ಆ ದಿನಗಳಲ್ಲಿ ಯಾವ ಚೀಲದೊಳಗೆ ಯಾವ ಅಪಾಯವಿದೆಯೆಂದು ಬಲ್ಲವರು ಯಾರು? ಚೀಲವನ್ನು ಕಟ್ಟಿದವನಿಗೆ ತನ್ನ ಮನೆಯಲ್ಲಿ ಜ್ವರವಿರುವುದು ಗೊತ್ತಿತ್ತು. ಅದನ್ನು ಬಿಚ್ಚಿದವನಿಗೆ ಗೊತ್ತಿರಲಿಲ್ಲ.

ಇದಕ್ಕೆ ಪರಿಹಾರವಿರಲಿಲ್ಲವೆಂದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಅದೇ ವರ್ಷ ಸರಳವಾದ ಸೂಚನೆಗಳನ್ನು ನೀಡಿತು. ರೋಗಿಯು ಬಳಸಿ ಬಿಟ್ಟ ಸೋಂಕಿನ ವಸ್ತುಗಳನ್ನು ಹಳದಿ ಚೀಲದಲ್ಲಿ ಬೇರೆಯಾಗಿ ಕೊಡಬೇಕು. ಉಳಿದವರ ಮುಖಗವಸು, ಕೈಗವಸುಗಳನ್ನು ಕಾಗದದ ಚೀಲದಲ್ಲಿ 72 ಗಂಟೆಗಳ ಕಾಲ ಇರಿಸಿ, ಮುಖಗವಸನ್ನು ಮತ್ತೊಬ್ಬರು ಬಳಸದಂತೆ ಕತ್ತರಿಸಿ, ಬಳಿಕ ಕಸಕ್ಕೆ ಹಾಕಬೇಕು. ಇದಕ್ಕೆ ಬೇಕಾದುದು ಒಂದು ಹಳೆಯ ಕಾಗದದ ಚೀಲ, ಒಂದು ಕತ್ತರಿ, ಮೂರು ದಿನಗಳ ತಾಳ್ಮೆ. ಮನೆಯಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಈ ಕೆಲಸವನ್ನು ಮನೆಯವರು ಮಾಡದಿದ್ದರೆ, ಬೀದಿಯಲ್ಲಿ ನಿಂತು ಮತ್ತೊಬ್ಬನು ತನ್ನ ಪ್ರಾಣವನ್ನು ಪಣವಾಗಿಟ್ಟು ಮಾಡಬೇಕಾಗುತ್ತದೆ. ಆದುದರಿಂದ ಕಸವನ್ನು ಬೇರ್ಪಡಿಸುವುದು ಶುಚಿತ್ವದ ಪ್ರಶ್ನೆ ಮಾತ್ರವಲ್ಲ. ಅದು ನ್ಯಾಯದ ಪ್ರಶ್ನೆ.

ಆ ಕಾಲ ಕಲಿಸಿದ ಇನ್ನೊಂದು ಪಾಠವುಂಟು. ಊರಿನ ಗುಜರಿ ಅಂಗಡಿಗಳೂ ಮುಚ್ಚಿದವು. ಹಳೆಯ ಪತ್ರಿಕೆ, ಸೀಸೆ, ಡಬ್ಬಗಳನ್ನು ಕೊಳ್ಳಲು ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದವರ ದನಿಯೂ ಅಡಗಿತು. ಮನೆಯ ಮೂಲೆಗಳಲ್ಲಿ ರದ್ದಿ ರಾಶಿಯಾಯಿತು. ಹಳೆಯ ವಸ್ತುವು ಹೊಸ ವಸ್ತುವಾಗುವುದು ಯಂತ್ರದ ಮಾಯೆಯಿಂದಲ್ಲ, ಆಯುವವನು, ಕೊಳ್ಳುವವನು, ಬೇರ್ಪಡಿಸುವವನು ಹೀಗೆ ಅನೇಕರ ದುಡಿಮೆಯಿಂದ ಎಂಬುದು ಆಗ ಮನದಟ್ಟಾಯಿತು. ಅಲ್ಲದೆ ಗುಜರಿಯವನು ಎಲ್ಲವನ್ನೂ ಕೊಳ್ಳುವುದಿಲ್ಲ. ಹಲವು ಪದರಗಳನ್ನು ಅಂಟಿಸಿ ಮಾಡಿದ ತಿಂಡಿಯ ಪೊಟ್ಟಣಕ್ಕೆ ಬೆಲೆಯಿಲ್ಲ. ಒಮ್ಮೆ ಬಳಸಿ ಬಿಸಾಡುವ ಮುಖಗವಸಿಗಂತೂ ಇಲ್ಲವೇ ಇಲ್ಲ. ಬಟ್ಟೆಯಂತೆ ಕಾಣುವ ಆ ಮುಖಗವಸು ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳಿಂದಾದುದು. ಮಣ್ಣಿನಲ್ಲಿ ಸುಲಭವಾಗಿ ಕರಗದು. 2020ರ ಮಾರ್ಚ್‌ನಿಂದ 2021ರ ನವೆಂಬರ್‌ವರೆಗೆ ವಿಶ್ವಸಂಸ್ಥೆಯ ನೆರವಿನ ಯೋಜನೆಯೊಂದರ ಮೂಲಕವೇ ಸುಮಾರು 87,000 ಟನ್ ರಕ್ಷಣಾ ಸಾಮಗ್ರಿ ನಾನಾ ದೇಶಗಳಿಗೆ ಸರಬರಾಜಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿ ತಿಳಿಸುತ್ತದೆ. ಅದರ ಬಹುಭಾಗ ಕೊನೆಗೆ ಕಸವಾಗುವಂತಹುದೇ. ಆದುದರಿಂದ ಕಸವನ್ನು ಮರುಬಳಕೆಗೆ ಕಳುಹಿಸುವುದು ಒಳ್ಳೆಯದು. ಕಸವನ್ನೇ ಹುಟ್ಟಿಸದಿರುವುದು ಅದಕ್ಕಿಂತ ಒಳ್ಳೆಯದು.

ಹಿಂದಿನವರ ಮನೆಗಳಲ್ಲಿ ಕಸವೆಂಬುದು ಬಹಳ ಇರಲಿಲ್ಲ. ತೆಂಗಿನ ಗರಿ ಪೊರಕೆಯಾಗುತ್ತಿತ್ತು. ಚಿಪ್ಪು ಒಲೆಗೆ ಹೋಗುತ್ತಿತ್ತು. ಒಲೆಯ ಬೂದಿ ಪಾತ್ರೆ ಬೆಳಗುತ್ತಿತ್ತು. ಹರಿದ ಸೀರೆ ಕೌದಿಯಾಗುತ್ತಿತ್ತು. ಮುಸುರೆ ದನಕ್ಕೆ, ಎಂಜಲೆಲೆ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಆದರೆ ಹಳೆಯದೆಲ್ಲವೂ ಹೊನ್ನಲ್ಲ. 1898ರಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ಪ್ಲೇಗು ಮೈಸೂರು ಸಂಸ್ಥಾನದ ಊರುಗಳನ್ನು ನಡುಗಿಸಿದಾಗ, ಜನ ಮನೆಮಠ ತೊರೆದು ಊರ ಹೊರಗಿನ ಗುಡಿಸಲುಗಳಲ್ಲಿ ದಿನ ಕಳೆದರು. ಆ ರೋಗವನ್ನು ಹೊತ್ತು ತಂದ ಇಲಿಗಳಿಗೆ ಮನೆಯ ಸುತ್ತಲಿನ ಕೊಳಕೂ ಆಸರೆಯಾಗಿತ್ತು. ಇನ್ನೊಬ್ಬರ ಮನೆಯ ಮಲವನ್ನು ತಲೆಯ ಮೇಲೆ ಹೊರಬೇಕಾದ ಹೀನ ಪದ್ಧತಿಯೂ ಆ ಹಳೆಯ ಕಾಲದ್ದೇ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಅದನ್ನು ನಿಷೇಧಿಸಿದಾಗ ಸಾರಿದ ತತ್ತ್ವವೂ ಇದೇ: ಒಬ್ಬರ ಹೊಲಸನ್ನು ಹೊರುವುದು ಮತ್ತೊಬ್ಬರ ಹುಟ್ಟಿನ ಹಣೆಬರಹವಲ್ಲ. ಆದುದರಿಂದ ಹಿಂದಿನವರಿಂದ ಮಿತವ್ಯಯವನ್ನು ಕಲಿಯಬೇಕು, ಅವರ ಅನ್ಯಾಯವನ್ನಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳು ಏಳುತ್ತವೆ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಒಮ್ಮೆ ಬಳಸಿ ಬಿಸಾಡುವುದೇ ಕ್ಷೇಮವಲ್ಲವೆ ಎಂಬುದು ಮೊದಲನೆಯದು. ಆಸ್ಪತ್ರೆಯ ಮಟ್ಟಿಗೆ ಈ ಮಾತು ನಿಜ. ಅಲ್ಲಿ ಉಳಿತಾಯಕ್ಕಿಂತ ಜೀವ ದೊಡ್ಡದು. ಆದರೆ ಮನೆ ಆಸ್ಪತ್ರೆಯಲ್ಲ. 2020ರ ಏಪ್ರಿಲ್ ಆರಂಭದಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಜನಸಾಮಾನ್ಯರಿಗೆ ಮನೆಯಲ್ಲಿ ಹೊಲಿದ, ಒಗೆದು ಮತ್ತೆ ಬಳಸಬಹುದಾದ ಬಟ್ಟೆಯ ಮುಖಗವಸನ್ನು ಸೂಚಿಸಿತು. ಸಾಬೂನಿನಿಂದ ತೊಳೆದ ಕೈ ಶುದ್ಧವೆಂದಾದರೆ, ಸಾಬೂನಿನಿಂದ ತೊಳೆದ ಲೋಟವೂ ಶುದ್ಧವೇ. ಬಿಸಾಡುವ ಲೋಟ ಅನೇಕ ವೇಳೆ ಕ್ಷೇಮಕ್ಕಾಗಿ ಬಂದುದಲ್ಲ, ತೊಳೆಯುವ ಬೇಸರಕ್ಕಾಗಿ ಬಂದುದು.

ಕಂದಾಯ ಕಟ್ಟಿದ ಮೇಲೆ ಕಸದ ಚಿಂತೆ ಪುರಸಭೆಯದಲ್ಲವೆ ಎಂಬುದು ಎರಡನೆಯ ಆಕ್ಷೇಪಣೆ. ಗಾಡಿ, ಗುಂಡಿ, ಕೂಲಿ, ಕೈಗವಸು ಇವನ್ನು ಒದಗಿಸುವುದು ಆಡಳಿತದ ಹೊಣೆ ನಿಜ. ಅದರಲ್ಲಿ ಲೋಪವಾದರೆ ಕೇಳುವ ಹಕ್ಕು ಜನರಿಗುಂಟು. ಆದರೆ ಒಡೆದ ಗಾಜನ್ನು ಅನ್ನದ ಮುಸುರೆಯೊಡನೆ ಬೆರೆಸಿ ಕೊಡುವ ಹಕ್ಕನ್ನು ಯಾವ ಕಂದಾಯವೂ ಕೊಡುವುದಿಲ್ಲ. ಆಳು ಎಷ್ಟೇ ಇದ್ದರೂ, ಒಮ್ಮೆ ಬೆರೆತ ಕಸವನ್ನು ಬೇರ್ಪಡಿಸುವುದು ಕಷ್ಟ. ಬೆರೆಯುವ ಮುನ್ನ ಅದನ್ನು ಬೇರೆಯಿರಿಸುವುದು ಮಗುವಿಗೂ ಸುಲಭ.

ಮನೆಯ ಕಸದಲ್ಲಿ ಸುಮಾರು ಅರ್ಧದಷ್ಟು ಹಸಿ ಕಸ. ತರಕಾರಿಯ ಸಿಪ್ಪೆ, ಉಳಿದ ಅನ್ನ, ಬಾಡಿದ ಹೂವುಗಳನ್ನು ತೂತುಗಳಿರುವ ಮಡಕೆಯಲ್ಲಿಯೋ ಹಿತ್ತಲ ಗುಂಡಿಯಲ್ಲಿಯೋ ಹಾಕಿ, ಪ್ರತಿ ಪದರದ ಮೇಲೂ ಒಣ ಎಲೆ ಮತ್ತು ಮಣ್ಣು ಹರಡಿ, ಆಗಾಗ ಕೆದಕುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಅದು ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗುತ್ತದೆ. ಆಲೂಗಡ್ಡೆ, ತೆಂಗು ಬೆಳೆಯುವ ಸೀಮೆಯಲ್ಲಿ ಗೊಬ್ಬರದ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರೆ ಗಾಳಿಯಾಡದೆ ಕೊಳೆತು ನಾರುತ್ತದೆ; ಜೊತೆಗಿದ್ದ ಕಾಗದವನ್ನೂ ಕೆಡಿಸುತ್ತದೆ; ಅದರಿಂದ ಒಸರುವ ವಿಷದ್ರವ ಮಳೆನೀರಿನೊಡನೆ ಹರಿಯುತ್ತದೆ. ಹೊಳೆನರಸೀಪುರದ ಬಳಿ ಹರಿಯುವ ಹೇಮಾವತಿಯು ಮುಂದೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲಿನ ಊರಿನವರು ಚರಂಡಿಗೆ ಹಾಕಿದುದು ಕೆಳಗಿನ ಊರಿನವರ ಕೊಡಕ್ಕೆ ಬರಬಾರದೆಂಬ ನಿಯಮವೇನೂ ಇಲ್ಲ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‌ನ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಜನ ಮುಖಗವಸನ್ನು ಕಳಚಿದರು. ಪೌರಕಾರ್ಮಿಕರಿಗೆ ಹಾಕಿದ ಹಾರಗಳೂ ಬಾಡಿದವು. ಆದರೆ ಹಾರವನ್ನು ಅವರು ಬೇಡಿರಲಿಲ್ಲ. ಅವರಿಗೆ ಬೇಕಾದುದು ಹಸಿಯದು ಹಸಿಯಾಗಿ, ಒಣಗಿದುದು ಒಣಗಿದುದಾಗಿ, ಅಪಾಯದ್ದು ಗುರುತಿನೊಡನೆ ಬೇರೆಯಾಗಿ ಕೈಗೆ ಬರುವ ಬುಟ್ಟಿ. ಹಾರ ಒಂದು ದಿನದ ಗೌರವ. ಬೇರ್ಪಡಿಸಿದ ಬುಟ್ಟಿ ದಿನದಿನದ ಗೌರವ.

ಶಾಲೆಗೆ ಹೋಗುವ ಹುಡುಗನೋ ಹುಡುಗಿಯೋ ಈ ಕೆಲಸವನ್ನು ಯಾರ ಅಪ್ಪಣೆಗೂ ಕಾಯದೆ ಇಂದೇ ಆರಂಭಿಸಬಹುದು. ನಾಳೆ ಬೆಳಿಗ್ಗೆ ಕಸದ ಗಾಡಿಯ ಸದ್ದು ಕೇಳಿದಾಗ ಬುಟ್ಟಿಯನ್ನು ಬಾಗಿಲಲ್ಲಿಟ್ಟು ಒಳಗೆ ಓಡದೆ, ಅದನ್ನು ಎತ್ತಿಕೊಳ್ಳುವ ಕೈಯನ್ನು ಒಂದು ಕ್ಷಣ ನೋಡಿದರೆ ಸಾಕು. ಆ ಕೈಯ ನೆನಪಿದ್ದವರು ಒಡೆದ ಗಾಜನ್ನು ಕಾಗದದಲ್ಲಿ ಸುತ್ತದೆ ಬುಟ್ಟಿಗೆ ಹಾಕಲಾರರು.