ಸತ್ತದ್ದನ್ನ ಬದಲಾಯಿಸೋದು ರಿಪೇರಿ ಅಲ್ಲ ಸ್ವಾಮೀ!

ಬ್ಲಾಗಿಗೆ ಬೂಷ್ಟು ಹಿಡಿದು ತಿಂಗಳುಗಳೇ ಆದವು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಆದರೆ ಮೊನ್ನೆ ಭಾನುವಾರ ನಮ್ಮ ಹ್ಯಾಮ್ ಕ್ಲಬ್ಬಿನ ಮೀಟಿಂಗಿನಲ್ಲಿ ಹಿರಿಯರೊಬ್ಬರು "ಎರಡು ಬೇಸಿಗೆ ದಾಟ್ತು, ರಿಪೀಟರ್ ಒಂದು ಸಲವೂ ಕೆಟ್ಟಿಲ್ಲ, ನಮ್ಮ ಅದೃಷ್ಟ ತಿರುಗ್ತು ನೋಡಿ" ಅಂದರು. ಅದೃಷ್ಟವಂತೆ! ಮೈಯೆಲ್ಲಾ ಉರಿದುಹೋಯ್ತು. ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ ಕಾರಿಕೊಳ್ತಿದ್ದೀನಿ, ಸಹಿಸಿಕೊಳ್ಳಿ :-)

ಗೊತ್ತಿಲ್ಲದವರಿಗೆ ಎರಡು ಮಾತು. ಹ್ಯಾಮ್‌ಗಳು ಅಂದ್ರೆ ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಲೈಸೆನ್ಸ್ ತಗೊಂಡು, ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡೋ ಮಂದಿ. ಕೈಯಲ್ಲಿ ಹಿಡಿಯೋ ಸೆಟ್ಟಿನ ಶಕ್ತಿ ಸುಮಾರು 5 ವ್ಯಾಟ್. 144ರಿಂದ 146 ಮೆಗಾಹರ್ಟ್ಸ್‌ನ ಅಲೆಗಳು ಹೆಚ್ಚುಕಮ್ಮಿ ಕಣ್ಣಳತೆಯಷ್ಟೇ ದೂರ ಹೋಗ್ತವೆ. ಮಧ್ಯೆ ಗುಡ್ಡ ಬಂತೋ, ಮಾತು ಅಲ್ಲಿಗೇ ಮುಗೀತು. ಅದಕ್ಕೇ ಗುಡ್ಡದ ಮೇಲೇ ಒಂದು ಪೆಟ್ಟಿಗೆ ಇಡ್ತೀವಿ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡಿದ್ದನ್ನ ಅದೇ ಕ್ಷಣ 600 ಕಿಲೋಹರ್ಟ್ಸ್ ಆಚೆಯ ಇನ್ನೊಂದರಲ್ಲಿ ಜೋರಾಗಿ ಕೂಗಿ ಹೇಳುತ್ತೆ. ಅದೇ ರಿಪೀಟರ್. ಆ ಕೂಗೋ ಗಂಟಲೇ ಪವರ್ ಆಂಪ್ಲಿಫೈಯರ್. ಕೂಗೋದೂ ಕೇಳೋದೂ ಒಂದೇ ಆಂಟೆನಾದಲ್ಲಿ ನಡೆಯೋದರಿಂದ, ತನ್ನ ಕೂಗಿಗೆ ತಾನೇ ಕಿವುಡಾಗದ ಹಾಗೆ ಮಧ್ಯೆ ಡ್ಯೂಪ್ಲೆಕ್ಸರ್ ಅಂತ ಉದ್ದುದ್ದ ಲೋಹದ ಡಬ್ಬಿಗಳ ಸಾಲು ಇರುತ್ತೆ. ಈ ಡಬ್ಬಿಗಳನ್ನ ನೆನಪಿಟ್ಟುಕೊಳ್ಳಿ, ಖಳನಾಯಕ ಅಲ್ಲೇ ಅಡಗಿದ್ದ.

2022ರ ಏಪ್ರಿಲ್‌ನಿಂದ 2023ರ ಮೇ ತಿಂಗಳೊಳಗೆ ನಮ್ಮ ರಿಪೀಟರಿನ ಗಂಟಲು ನಾಲ್ಕು ಸಲ ಸತ್ತಿತು. ಮೊದಲ ಸಲ "ಸಿಡಿಲು ಹೊಡೆದಿರಬೇಕು" ಅಂದರು. ಎರಡನೇ ಸಲ "ಎಸ್‌ಪಿ ರೋಡಿನ ಡೂಪ್ಲಿಕೇಟ್ ಮಾಲು" ಅಂದರು. ಮೂರನೇ ಸಲ "ಬಿಸಿಯಾಗಿ ಸುಟ್ಟಿದೆ" ಅಂತ ದೊಡ್ಡ ಹೀಟ್ ಸಿಂಕ್, ಎರಡು ಫ್ಯಾನ್ ಬಂದವು. ನಾಲ್ಕನೇ ಸಲಕ್ಕೆ ಕಾರಣಗಳೇ ಖಾಲಿಯಾಗಿ ಯಾರೋ ಪುಣ್ಯಾತ್ಮರು ರ್‍ಯಾಕಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. (ತಮಾಷೆಗೇ ಕಟ್ಟಿದ್ದಂತೆ. ಆದರೆ ಬಿಚ್ಚೋಕೆ ಯಾರಿಗೂ ಧೈರ್ಯ ಬರಲಿಲ್ಲ!) ಪ್ರತಿ ಸಲವೂ ಚಂದಾ ಎತ್ತಿದ್ದು, ಹೊಸ ಮಾಡ್ಯೂಲ್ ತಂದಿದ್ದು, ಗುಡ್ಡ ಹತ್ತಿದ್ದು, ಹಾಕಿ ಇಳಿದಿದ್ದು, ಫೋಟೋ ಹಾಕಿ "ರಿಪೀಟರ್ ಈಸ್ ಬ್ಯಾಕ್" ಅಂದಿದ್ದು. ಸತ್ತ ಮಾಡ್ಯೂಲು? ಕಸದ ಬುಟ್ಟಿಗೆ. ಹೆಣ ನೋಡದೇ ಅಂತ್ಯಸಂಸ್ಕಾರ.

ಮೊದಲೆರಡು ಸಲ ಚಂದಾ ಕೊಟ್ಟು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಹಾಗಾಗಿ ಈ ಬೈಗುಳದಲ್ಲಿ ನನ್ನ ಪಾಲೂ ಇದೆ.

ನನ್ನ ಕಣ್ಣು ತೆರೆಸಿದ್ದು ನಾಲ್ಕನೇ ಸಾವು. ಆವತ್ತು ಮಧ್ಯಾಹ್ನವೇ ಆಂಪ್ಲಿಫೈಯರ್ ಹೋಗಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಸಂಜೆ ಗಾಳಿಮಳೆ ಬಂತು. ಗುಡ್ಡದಾಚೆಯ ಹಳ್ಳಿಯಲ್ಲಿ ಮರ ಬಿದ್ದು ಕರೆಂಟ್ ಹೋಯ್ತು, ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಮಲಗಿತು. ಅಲ್ಲಿ ನಮ್ಮ ಸದಸ್ಯರೊಬ್ಬರ ತಂದೆಗೆ ಉಸಿರಾಟದ ತೊಂದರೆ ಶುರುವಾಯ್ತು. ಅವರು ಸೆಟ್ ಹಿಡಿದು ಕರೆದರು, ಕರೆದರು, ಕರೆದರು. ಗುಡ್ಡದ ಮೇಲಿನ ಪೆಟ್ಟಿಗೆ ಕೇಳಿಸಿಕೊಳ್ತಿತ್ತು, ಕೂಗೋಕೆ ಗಂಟಲೇ ಇರಲಿಲ್ಲ. ಕೊನೆಗೆ ಮಹಡಿ ಹತ್ತಿ ನೇರವಾಗಿ ಕರೆದಾಗ ಪಕ್ಕದ ಊರಿನ ಒಬ್ಬ ಹುಡುಗನಿಗೆ ಕೇಳಿಸ್ತು. ಆಂಬುಲೆನ್ಸ್ ಹೋಗೋದು ಒಂದು ಗಂಟೆಗೂ ಮೇಲೆ ತಡವಾಯ್ತು. ದೊಡ್ಡವರು ಈಗ ಹುಷಾರಾಗಿದ್ದಾರೆ, ಸದ್ಯ. ಆದರೆ ಆ ಒಂದು ಗಂಟೆಗೆ ಯಾರು ಹೊಣೆ?

2001ರ ಭುಜ್ ಭೂಕಂಪ, 2004ರ ಸುನಾಮಿಯಲ್ಲಿ ಪೋರ್ಟ್ ಬ್ಲೇರ್‌ನಿಂದ ಸಂದೇಶ ಕಳಿಸಿದ ಭಾರತಿ ಪ್ರಸಾದ್ ಅವರ ತಂಡ, ಇವನ್ನೆಲ್ಲಾ ಪ್ರತಿ ಭಾಷಣದಲ್ಲೂ ಎದೆಯುಬ್ಬಿಸಿ ಹೇಳ್ತೀವಿ. ನಮ್ಮೂರ ಗುಡ್ಡದ ಪೆಟ್ಟಿಗೆ ಮಾತ್ರ ನಾಲ್ಕು ಸಲ ಸತ್ತರೂ ಯಾಕೆ ಅಂತ ಕೇಳಲ್ಲ.

ಐದನೇ ಚಂದಾಕ್ಕೆ ನಾನು ಇಲ್ಲ ಅಂದೆ. "ಮೊದಲು ಯಾಕೆ ಸಾಯ್ತಿದೆ ಹೇಳಿ, ಆಮೇಲೆ ದುಡ್ಡು." ಮೀಟಿಂಗಿನಲ್ಲಿ ಗದ್ದಲ. ಹಿರಿಯರೊಬ್ಬರು "ನೋಡು ಮರಿ, ನೀನು ಸಾಫ್ಟ್‌ವೇರ್ ಹುಡುಗ. ನಾನು ವಾಲ್ವ್ ಕಾಲದಿಂದ ನೋಡ್ಕೊಂಡು ಬಂದಿದೀನಿ. ಬೆಂಚಿನ ಮೇಲೆ ಎರಡು ಗಂಟೆ ಓಡಿಸಿದ್ದೀವಿ, ಏನೂ ಆಗಿಲ್ಲ" ಅಂದರು. ಹೌದು ಸಾರ್, ಡಮ್ಮಿ ಲೋಡ್ ಹಾಕಿ ಓಡಿಸಿದ್ರಿ. ನಮ್ಮ ಆಫೀಸಿನಲ್ಲೂ ದಿನಾ ಕೇಳ್ತೀನಿ ಇದೇ ಮಾತು, "ನನ್ನ ಮಷೀನಲ್ಲಿ ಓಡ್ತಿದೆಯಲ್ಲ!" ಡಮ್ಮಿ ಲೋಡ್ ಎಲ್ಲಾ ಫ್ರೀಕ್ವೆನ್ಸಿಗೂ 50 ಓಮ್ ಅಂತಲೇ ಕಾಣುತ್ತೆ, ಸಾಧು ಪ್ರಾಣಿ. ಡ್ಯೂಪ್ಲೆಕ್ಸರ್ ಹಾಗಲ್ಲ. ಅದು ತಾನು ಟ್ಯೂನ್ ಆದ ಜಾಗದಲ್ಲಿ ಮಾತ್ರ ಸಾಧು. ಸ್ವಲ್ಪ ಆಚೀಚೆ ಆದರೂ ಬಂದಿದ್ದನ್ನ ವಾಪಸು ಆಂಪ್ಲಿಫೈಯರಿನ ಮುಖಕ್ಕೇ ಎಸೆಯುತ್ತೆ.

ಇದರಲ್ಲಿ ನನಗೆ ಅತ್ಯಂತ ನಗು ಬರೋ (ಅಳು ಬರೋ?) ಸಂಗತಿ ಇನ್ನೊಂದಿದೆ. ಹ್ಯಾಮ್‌ಗಳು ಯಾರ ಜೊತೆ ಎರಡು ನಿಮಿಷ ಮಾತಾಡಿದರೂ ಲಾಗ್‌ಬುಕ್ಕಿನಲ್ಲಿ ದಿನ, ಸಮಯ, ಫ್ರೀಕ್ವೆನ್ಸಿ, ಸಿಗ್ನಲ್ ರಿಪೋರ್ಟ್ ಎಲ್ಲಾ ಬರೆದಿಡ್ತಾರೆ. ಅಂಥವರ ಕ್ಲಬ್ಬಿನಲ್ಲಿ ಆಂಪ್ಲಿಫೈಯರ್ ನಾಲ್ಕು ಸಲ ಸತ್ತಿದ್ದು ಯಾವ ಹೊತ್ತಿಗೆ ಅಂತ ಒಂದು ಚೀಟಿಯಲ್ಲೂ ಬರೆದಿರಲಿಲ್ಲ!

ಒಂದು ರಾತ್ರಿ ಕೂತು ಕ್ಲಬ್ಬಿನ ವಾಟ್ಸಾಪ್ ಗ್ರೂಪಿನ ಹಳೇ ಮೆಸೇಜುಗಳನ್ನ ಕೆದಕಿದೆ. "ರಿಪೀಟರ್ ಡೌನಾ?" ಅಂತ ಮೊದಲು ಯಾರು ಯಾವಾಗ ಕೇಳಿದ್ದಾರೆ ನೋಡಿದೆ. ನಾಲ್ಕೂ ಸಲ ಮಧ್ಯಾಹ್ನ ಎರಡರಿಂದ ಐದರೊಳಗೆ. ಏಪ್ರಿಲ್, ಮೇ, ಅಕ್ಟೋಬರ್, ಮತ್ತೆ ಮೇ. ಎಲ್ಲಾ ಬಿಸಿಲಿನ ತಿಂಗಳು. ಆ ಗುಡ್ಡದ ರೂಮಿಗೆ ತಗಡಿನ ಸೂರು. ಸಿಡಿಲೇ ಆಗಿದ್ದರೆ ಒಂದು ರಾತ್ರಿಯಾದರೂ ಹೊಡೀಬೇಕಿತ್ತಲ್ಲ?

ಆಮೇಲಿನ ಕೆಲಸ ದೊಡ್ಡದೇನಲ್ಲ. ಒಂದು ಹಳೇ ಆಂಪ್ಲಿಫೈಯರನ್ನ 10 ವ್ಯಾಟಿಗೆ ಇಳಿಸಿ ಕೂರಿಸಿದೆವು. "ಸಿಗ್ನಲ್ ಬಿದ್ದುಹೋಗುತ್ತೆ" ಅಂತ ಕೂಗಾಡಿದರು. 40ರಿಂದ 10ಕ್ಕೆ ಇಳಿದರೆ ನಷ್ಟ 6 ಡೆಸಿಬೆಲ್, ಮೀಟರಿನಲ್ಲಿ ಒಂದೇ ಒಂದು ಎಸ್ ಯೂನಿಟ್. ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ಜೊತೆಗೆ ಒಂದು ಆರ್ಡುಯಿನೋ ಬೋರ್ಡ್, ತಾಪಮಾನದ ಸೆನ್ಸರ್, ಹೋಗೋ ಪವರ್ ಮತ್ತು ವಾಪಸು ಬರೋ ಪವರ್ ಅಳೆಯೋಕೆ ಕಪ್ಲರ್. ನಿಮಿಷಕ್ಕೊಂದು ಸಾಲು, ಮೆಮೊರಿ ಕಾರ್ಡಿಗೆ.

2023ರ ಅಕ್ಟೋಬರಿನ ಬಿಸಿಲಲ್ಲಿ ಮೂರು ವಾರದ ಲೆಕ್ಕ ಸಿಕ್ಕಿತು. ವೋಲ್ಟೇಜ್ ಸರಿಯಾಗಿತ್ತು. ಹೀಟ್ ಸಿಂಕ್ ಕೈ ಸುಡೋ ಮಟ್ಟಕ್ಕೇನೂ ಹೋಗಿರಲಿಲ್ಲ. ಆದರೆ ಬೆಳಿಗ್ಗೆ ಹತ್ತಕ್ಕೆ ಹತ್ತೂ ವ್ಯಾಟ್ ಮುಂದೆ ಹೋಗ್ತಿದ್ದರೆ, ಮಧ್ಯಾಹ್ನ ರೂಮು ಕಾದ ಮೇಲೆ ಎರಡು ವ್ಯಾಟ್ ವಾಪಸು ಬರ್ತಿತ್ತು. ಮಧ್ಯಾಹ್ನ ಹೋಗಿ ಚಿಕ್ಕ ಎಸ್‌ಡಿಆರ್ ಡಾಂಗಲ್ ಹಾಕಿ ನೋಡಿದರೆ, ಒಂದೇ ಗೆರೆ ಇರಬೇಕಾದ ಕಡೆ ಅಕ್ಕಪಕ್ಕ ಮುಳ್ಳುಗಳು. ಅಂದ್ರೆ ಆಂಪ್ಲಿಫೈಯರ್ ಹೇಳಿಕೊಟ್ಟಿದ್ದನ್ನ ಬಿಟ್ಟು ತನ್ನಷ್ಟಕ್ಕೆ ತಾನೇ ಕಿರುಚ್ತಿತ್ತು. 40 ವ್ಯಾಟಿನಲ್ಲಿ ಇದೇ ಆದರೆ ಮಾಡ್ಯೂಲ್ ಎಷ್ಟು ದಿನ ಬದುಕುತ್ತೆ?

ಡಬ್ಬಿಗಳನ್ನ ಬಿಚ್ಚಿದೆವು. ಒಳಗಿನ ಟ್ಯೂನಿಂಗ್ ಕಡ್ಡಿಗಳು ಇನ್ವಾರ್ ಅನ್ನೋ ಮಿಶ್ರಲೋಹದ್ದು, ಬಿಸಿಗೆ ಹಿಗ್ಗೋದೇ ಇಲ್ಲ ಅನ್ನೋಷ್ಟು ಕಮ್ಮಿ ಹಿಗ್ಗುತ್ತೆ. ಅದಕ್ಕೇ ಅದನ್ನ ಹಾಕೋದು. ಒಂದು ಡಬ್ಬಿಯಲ್ಲಿ ಮಾತ್ರ ಕಡ್ಡಿ ಹಳದಿಯಾಗಿ ಹೊಳೀತಿತ್ತು. ಹಿತ್ತಾಳೆ! ಯಾವಾಗಲೋ ಮೂಲದ ಕಡ್ಡಿ ಬಾಗಿದಾಗ ಯಾರೋ ಲೇತಿನಲ್ಲಿ ಹಿತ್ತಾಳೆಯದ್ದು ಮಾಡಿಸಿ ಹಾಕಿದ್ದರು. ಹಿತ್ತಾಳೆ ಇನ್ವಾರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತೆ. ಬಿಸಿಲೇರಿದ ಹಾಗೆ ಕಡ್ಡಿ ಬೆಳೀತಿತ್ತು, ಡಬ್ಬಿಯ ಶ್ರುತಿ ತಪ್ಪುತ್ತಿತ್ತು, ಏಟು ಮಾತ್ರ ಆಂಪ್ಲಿಫೈಯರಿಗೆ ಬೀಳ್ತಿತ್ತು. ಅಲ್ಲಿಗೆ ಸಿಡಿಲೂ ಎಸ್‌ಪಿ ರೋಡೂ ನಿರಪರಾಧಿಗಳು. ತಪ್ಪು ಇದ್ದದ್ದು ಒಂದು ಕಡೆ, ಸಾಯ್ತಿದ್ದದ್ದು ಇನ್ನೊಬ್ಬ!

ಗುಜರಿ ಡ್ಯೂಪ್ಲೆಕ್ಸರ್ ಒಂದರಿಂದ ಇನ್ವಾರ್ ಕಡ್ಡಿ ತೆಗೆದು ಹಾಕಿ ಮತ್ತೆ ಟ್ಯೂನ್ ಮಾಡಿದೆವು. ವಾಪಸು ಬಂದಿದ್ದನ್ನ ಪಕ್ಕಕ್ಕೆ ತಿರುಗಿಸಿ ಸುಟ್ಟುಹಾಕೋ ಐಸೋಲೇಟರ್ ಒಂದನ್ನ ಮಧ್ಯೆ ಕೂರಿಸಿದೆವು. ಪವರ್ 20 ವ್ಯಾಟಿಗೇ ನಿಲ್ಲಿಸಿದೆವು. ಮತ್ತೆ ನನ್ನ ಪ್ರಕಾರ ಅತಿ ಮುಖ್ಯ ಭಾಗ: ರ್‍ಯಾಕಿಗೆ ದಾರ ಕಟ್ಟಿ ಒಂದು ನೋಟ್‌ಬುಕ್ಕೂ ಪೆನ್ನೂ ನೇತುಹಾಕಿದೆವು. ನಿಂಬೆಹಣ್ಣು ಇದ್ದ ಅದೇ ಮೊಳೆಗೆ.

"ಮೊದಲು ಸರ್ವಿಸ್ ಶುರುವಾಗ್ಲಿ, ಕಾರಣ ಆಮೇಲೆ ಹುಡುಕೋಣ" ಅನ್ನೋರ ಮಾತು ಪೂರ್ತಿ ತಪ್ಪಲ್ಲ. ಮೊದಲು ಶುರುಮಾಡಲೇಬೇಕು, ನಾವೂ 10 ವ್ಯಾಟಿನಲ್ಲಿ ಶುರುಮಾಡಿದ್ವಿ. ನನ್ನ ಜಗಳ ಇರೋದು ಆ "ಆಮೇಲೆ" ಅನ್ನೋ ಪದದ ಜೊತೆ. ಅದು ಯಾವತ್ತೂ ಬರಲ್ಲ. ಫ್ಯೂಸ್ ಹೋದರೆ ದಪ್ಪ ತಂತಿ ಸುತ್ತೋದು, ಸರ್ವರ್ ಬಿದ್ದರೆ ರೀಸ್ಟಾರ್ಟ್ ಮಾಡಿ ಟಿಕೆಟ್ ಮುಚ್ಚೋದು, ಎಲ್ಲಾ ಇದೇ ಜಾತಿ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಮಾರ್ಕ್ಸಿಗಾಗಿ ಸ್ಮಿತ್ ಚಾರ್ಟ್ ಬಿಡಿಸಿ, ಕೊನೆಗೆ ನಾವು ಕಲಿತದ್ದು "ಬದಲಾಯಿಸಿಬಿಡಿ" ಅನ್ನೋದನ್ನಾ?

ಆದ್ದರಿಂದ ಮೀಟಿಂಗಿನಲ್ಲಿ ಅದೃಷ್ಟ ಅಂದ ಹಿರಿಯರಿಗೆ ಗೌರವದಿಂದಲೇ ಹೇಳ್ತೀನಿ: ಸಾರ್, ಅದು ಅದೃಷ್ಟ ಅಲ್ಲ, ಒಂದು ಕಡ್ಡಿ. ಮುಂದೆ ಮತ್ತೆ ಕೆಟ್ಟರೆ (ಕೆಟ್ಟೇ ಕೆಡುತ್ತೆ, ಯಂತ್ರ ತಾನೇ) ದಯವಿಟ್ಟು ಚಂದಾ ಎತ್ತೋ ಮೊದಲು ಆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೀರಿ. ಸತ್ತ ಮಾಡ್ಯೂಲನ್ನ ಬಿಸಾಡಬೇಡಿ, ನನಗೆ ಕೊಡಿ.

ನಿಮ್ಮ ಮನೆ, ಆಫೀಸು, ಅಪಾರ್ಟ್‌ಮೆಂಟಿನಲ್ಲೂ ಪದೇ ಪದೇ ಸಾಯೋ ಇಂಥದ್ದೊಂದು ಇದ್ದೇ ಇರುತ್ತೆ. ಅದರ ಹಿಂದಿನ ಹಿತ್ತಾಳೆ ಕಡ್ಡಿ ಯಾವುದು ಅಂತ ಹುಡುಕಿದ್ದೀರಾ? ಕಮೆಂಟಿನಲ್ಲಿ ಬರೀರಿ. ಬೈಯೋದಿದ್ದರೂ ಬೈಯಿರಿ, ಕಾರಣ ಸಮೇತ :-)