ಆಟದ ನಡುವೆ ನಿಲ್ಲುವ ಕಂಪ್ಯೂಟರು

ಗೃಹಸ್ಥರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಅವರ ಮನೆಯ ಕಂಪ್ಯೂಟರಿನಲ್ಲಿ ಪತ್ರವ್ಯವಹಾರ, ಜಮಾಖರ್ಚು, ಸಿನಿಮಾ ಎಲ್ಲವೂ ಸರಾಗವಾಗಿ ನಡೆಯುತ್ತವೆಯಂತೆ. ಮಗನು ಆಟಕ್ಕೆ ಕುಳಿತ ಅರ್ಧ ಗಂಟೆಯೊಳಗೆ ಮಾತ್ರ ನೀಲಿ ಪರದೆ ಬಂದು ಯಂತ್ರವು ನಿಂತುಹೋಗುತ್ತದೆಯಂತೆ. ಆಟವನ್ನೇ ತೆಗೆಸಿಬಿಟ್ಟರೆ ರೋಗವೂ ಹೋದಂತಾಯಿತಲ್ಲವೆ ಎಂದು ಅವರು ಕೇಳುತ್ತಾರೆ.

ಅಲ್ಲವೆಂದೇ ನಾವು ಹೇಳಬೇಕಾಗಿದೆ. ಆಟವು ದೋಷವನ್ನು ಹುಟ್ಟಿಸಲಿಲ್ಲ, ತೋರಿಸಿಕೊಟ್ಟಿತು. ಕಾಗದ ಬರೆಯುವಾಗ ಯಂತ್ರವು ತನ್ನ ಮೆಮೊರಿಯ ಸ್ವಲ್ಪ ಭಾಗದಲ್ಲಿಯೇ ತೃಪ್ತವಾಗಿರುವುದು. ಈಗಿನ ದೊಡ್ಡ ಆಟಗಳಾದರೋ ಹತ್ತಾರು ಗಿಗಾಬೈಟುಗಳನ್ನು ತುಂಬಿ, ಕ್ಷಣಕ್ಷಣಕ್ಕೂ ಅಳಿಸಿ ಬರೆದು, ಪೆಟ್ಟಿಗೆಯ ಒಳಗನ್ನೆಲ್ಲ ಬಿಸಿಮಾಡುವುವು. ಹತ್ತು ಕೋಣೆಗಳ ಮನೆಯಲ್ಲಿ ಒಂಬತ್ತನೆಯದರ ಸೂರು ಸೋರುತ್ತಿದ್ದರೆ, ನೆಂಟರೆಲ್ಲ ಬಂದು ಅಲ್ಲಿಯೂ ಹಾಸಿಗೆ ಹಾಸಿದ ರಾತ್ರಿಯಲ್ಲವೆ ಅದು ತಿಳಿಯುವುದು?

ಅಂಗಡಿಯವರು ರ‍್ಯಾಮ್ ಎಂದು ಕರೆಯುವ ಈ ಮೆಮೊರಿಯಲ್ಲಿ ಪ್ರತಿಯೊಂದು ಅಂಕೆಯೂ ಅತಿ ಸಣ್ಣ ಕೋಶವೊಂದರ ವಿದ್ಯುತ್ತಿನ ರೂಪದಲ್ಲಿರುವುದು. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬವರಿಗೆ ೧೯೬೮ರಲ್ಲಿ ಪೇಟೆಂಟು ದೊರೆತ ಏರ್ಪಾಡು ಇದು. ಕೋಶದ ವಿದ್ಯುತ್ತು ಸದಾ ಸೋರಿಹೋಗುತ್ತಿರುವುದರಿಂದ ಯಂತ್ರವು ಸೆಕೆಂಡಿಗೆ ಹಲವು ಸಲ ಅದನ್ನು ಮತ್ತೆ ತುಂಬಬೇಕು. ಒಂದು ಕೋಶ ದುರ್ಬಲವಾದರೂ ಸಾಕು, ಒಂದು ಇದ್ದಲ್ಲಿ ಸೊನ್ನೆಯಾಗುವುದು. ಆ ಅಂಕೆ ಚಿತ್ರಕ್ಕೆ ಸೇರಿದ್ದರೆ ಒಂದು ಚುಕ್ಕೆಯ ಬಣ್ಣ ಕೆಡುವುದು. ಕಾರ್ಯಕ್ರಮದ ಆಜ್ಞೆಯಾಗಿದ್ದರೆ ಯಂತ್ರವೇ ಮುಗ್ಗರಿಸುವುದು. ೧೯೭೦ರ ದಶಕದ ಕೊನೆಯಲ್ಲಿ ಇಂಟೆಲ್ ಸಂಸ್ಥೆಯವರು, ಚಿಪ್ಪಿನ ಪಿಂಗಾಣಿಯ ಹೊದಿಕೆಯಲ್ಲಿದ್ದ ಯುರೇನಿಯಂ ಮತ್ತು ಥೋರಿಯಂ ಲೇಶದಿಂದ ಹೊರಟ ಕಣಗಳೂ ಹೀಗೆ ಅಂಕೆಯನ್ನು ಬದಲಿಸಬಲ್ಲವೆಂದು ಕಂಡರು. ಸೋಜಿಗದ ಸಂಗತಿಯೇ, ಆದರೆ ಎಲ್ಲಕ್ಕೂ ಆಕಾಶವನ್ನೂ ಗ್ರಹಚಾರವನ್ನೂ ದೂರುವಂತಿಲ್ಲ. ಗೂಗಲ್ ಸಂಸ್ಥೆಯ ಸಾವಿರಾರು ಯಂತ್ರಗಳನ್ನು ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದ ವರದಿಯಂತೆ, ತಪ್ಪುಗಳಲ್ಲಿ ಹೆಚ್ಚಿನವು ಸ್ಟಿಕ್ಕಿನಲ್ಲಿಯೇ ನೆಲೆಸಿದ ದೋಷದಿಂದ ಬಂದವು. ಅಂಥ ದೋಷವು ತಾನಾಗಿ ವಾಸಿಯಾಗುವುದಿಲ್ಲ.

ನಮಗೆ ಆಟಕ್ಕಿಂತಲೂ ಹೆಚ್ಚು ಚಿಂತೆಯಾದುದು ಬೇರೆ. ಮದುವೆಯ ಛಾಯಾಚಿತ್ರಗಳು, ತೆರಿಗೆಯ ಲೆಕ್ಕ, ಮನೆಪತ್ರದ ನಕಲು, ಯಾವುದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದರೂ ಅದು ಈ ಮೆಮೊರಿಯನ್ನು ಹಾದೇ ಹೋಗಬೇಕು. ದಾರಿಯಲ್ಲಿ ಒಂದು ಅಂಕೆ ಕೆಟ್ಟರೆ ಕೆಟ್ಟ ನಕಲೇ ಡಿಸ್ಕಿನಲ್ಲಿ ಕೂರುವುದು. ನೀಲಿ ಪರದೆಯೂ ಬಾರದು, ಯಾರಿಗೂ ತಿಳಿಯದು. ದೊಡ್ಡ ಸಂಸ್ಥೆಗಳ ಸರ್ವರುಗಳಲ್ಲಿ ಇಂಥ ತಪ್ಪನ್ನು ಹಿಡಿದು ತಿದ್ದುವ ಬಗೆಯ ಮೆಮೊರಿ ಇರುವುದು. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದಕಾರಣ ದೋಷವು ಗೊತ್ತಾಗುವವರೆಗೆ ಹಳೆಯ ಬ್ಯಾಕಪ್ಪಿನ ಮೇಲೆ ಹೊಸದನ್ನು ಬರೆಯಲೇ ಕೂಡದು.

ಇನ್ನು ಗುರುತು ಹಿಡಿಯುವ ಬಗೆ. ದೀಪ ಆರಿಸಿದಂತೆ ಯಂತ್ರವು ಒಮ್ಮೆಗೇ ಕತ್ತಲಾದರೆ ಪವರ್ ಸಪ್ಲೈಯನ್ನೂ ಶಾಖವನ್ನೂ ಮೊದಲು ಶಂಕಿಸಬೇಕು. ಪರದೆಯಲ್ಲಿ ಬಣ್ಣಬಣ್ಣದ ತೇಪೆಗಳು ಕಂಡರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಕಣ್ಣಿಡಬೇಕು. ನೀಲಿ ಪರದೆಯು ಒಂದೊಂದು ಸಲ ಒಂದೊಂದು ಕಾರಣವನ್ನು ಹೇಳುತ್ತಿದ್ದರೆ, ಆಟಗಳು ಸದ್ದಿಲ್ಲದೆ ಮುಚ್ಚಿಹೋಗುತ್ತಿದ್ದರೆ, ದೊಡ್ಡ ಜಿಪ್ ಕಡತಗಳು ಕೆಟ್ಟಿವೆಯೆಂದು ಬಿಚ್ಚಿಕೊಳ್ಳದಿದ್ದರೆ ಮೆಮೊರಿಯನ್ನು ಪರೀಕ್ಷಿಸತಕ್ಕದ್ದು.

ಮೊದಲನೆಯ ಉಪಾಯಕ್ಕೆ ಕಾಸಿನ ಖರ್ಚಿಲ್ಲ. ಸ್ಟಿಕ್ಕಿನ ಮೇಲೆ ೩೨೦೦ ಎಂದೋ ೩೬೦೦ ಎಂದೋ ಅಚ್ಚಾಗಿರುವ ವೇಗವು ಅನೇಕ ವೇಳೆ ಅದರ ಸಹಜ ವೇಗವಲ್ಲ. ಬಯೋಸಿನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬುದನ್ನು ತೆರೆದಾಗ ಮಾತ್ರ ಬರುವಂಥದು. ಅದನ್ನು ಮುಚ್ಚಿ ನಾಲ್ಕು ದಿನ ಆಡಿಸಿ ನೋಡಿರಿ. ಉಪದ್ರವ ನಿಂತರೆ ಆ ನಿಧಾನದ ವೇಗದಲ್ಲಿಯೇ ಬಿಟ್ಟುಬಿಡಬಹುದು. ಆಟ ತುಸು ಮಂದವಾಯಿತೆಂದು ಮಗನು ಗೊಣಗಿದರೆ ಗೊಣಗಲಿ.

ನಿಲ್ಲದಿದ್ದರೆ ಮೆಮ್‌ಟೆಸ್ಟ್೮೬ ಪ್ಲಸ್ ಎಂಬ ಉಚಿತವಾದ ಪರೀಕ್ಷಕವನ್ನು ಪೆನ್ ಡ್ರೈವಿನಲ್ಲಿ ಹಾಕಿ, ಅದರಿಂದಲೇ ಯಂತ್ರವನ್ನು ಹೊರಡಿಸಿ, ರಾತ್ರಿಯೆಲ್ಲ ಬಿಡಬೇಕು. ವಿಂಡೋಸಿನೊಳಗೇ ಒಂದು ಪರೀಕ್ಷೆಯಿದೆ, ಆದರೆ ಅದು ಅಷ್ಟು ಕಟ್ಟುನಿಟ್ಟಿನದಲ್ಲ. ಬೆಳಿಗ್ಗೆ ಒಂದೇ ಒಂದು ತಪ್ಪು ಕಂಡರೂ ಅದನ್ನು ಅಲಕ್ಷ್ಯಮಾಡುವಂತಿಲ್ಲ. ಹಾಲಿನಲ್ಲಿ ಹುಳಿ ಎಷ್ಟು ಹನಿ ಬಿತ್ತೆಂದು ಯಾರೂ ಎಣಿಸುವುದಿಲ್ಲವಷ್ಟೆ. ಆಮೇಲೆ ಯಂತ್ರವನ್ನು ಆರಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಂಡು, ಒಂದು ಸ್ಟಿಕ್ಕನ್ನಷ್ಟೇ ಇಟ್ಟು ಪರೀಕ್ಷೆ ನಡೆಯಿಸಿರಿ. ತರುವಾಯ ಅದೇ ಸ್ಲಾಟಿನಲ್ಲಿ ಇನ್ನೊಂದನ್ನು. ತಪ್ಪು ಸ್ಟಿಕ್ಕನ್ನು ಹಿಂಬಾಲಿಸಿದರೆ ಸ್ಟಿಕ್ಕು ಕೆಟ್ಟಿದೆ; ಯಾವ ಸ್ಟಿಕ್ಕಿಟ್ಟರೂ ಒಂದೇ ಸ್ಲಾಟಿನಲ್ಲಿ ಬಂದರೆ ಮದರ್‌ಬೋರ್ಡೋ ಪ್ರೊಸೆಸರೋ. ಎಷ್ಟೋ ಸಲ ತೆಗೆದು, ಹೊಂಬಣ್ಣದ ಅಂಚಿನ ಧೂಳನ್ನು ಒರಸಿ, ಟಕ್ಕೆಂದು ಕೂರುವಂತೆ ಒತ್ತಿದರೇ ವ್ಯಾಧಿ ಗುಣವಾಗುವುದುಂಟು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇರೊಂದು ತಯಾರಕರ ಸ್ಟಿಕ್ಕನ್ನು ಕೊಂಡು ಹಳೆಯದರ ಜೊತೆಗೆ ಸೇರಿಸಿದ್ದರೆ, ಪ್ರತ್ಯೇಕವಾಗಿ ಎರಡೂ ಸಾಧುವಾಗಿದ್ದು ಕೂಡಿದಾಗ ಜಗಳವಾಡುವುದೂ ಉಂಟು. ಆದ್ದರಿಂದ ಕೊನೆಗೆ ಎರಡನ್ನೂ ಕೂಡಿಸಿ ಇನ್ನೊಮ್ಮೆ ಪರೀಕ್ಷಿಸಬೇಕು.

ಯಂತ್ರವು ಹೇಳಿದುದನ್ನೆಲ್ಲ ನಂಬಲೂ ಆಗದು. ಇಂಟೆಲ್ಲಿನ ೧೩ನೆಯ ಮತ್ತು ೧೪ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳಿದ್ದ ಯಂತ್ರಗಳಲ್ಲಿ, ವಿಡಿಯೋ ಮೆಮೊರಿ ಸಾಲದೆಂಬ ಸೂಚನೆ ಕೊಟ್ಟು ಆಟಗಳು ಮುಚ್ಚಿಕೊಳ್ಳುತ್ತಿದ್ದವು. ಮೆಮೊರಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಪ್ರೊಸೆಸರೇ ಮಿತಿಮೀರಿದ ವೋಲ್ಟೇಜಿನಿಂದ ಸವೆಯುತ್ತಿತ್ತೆಂದು ಆ ಸಂಸ್ಥೆಯು ೨೦೨೪ರಲ್ಲಿ ಒಪ್ಪಿಕೊಂಡು, ಬಯೋಸಿನ ತಿದ್ದುಪಡಿಯನ್ನು ಹೊರಡಿಸಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಂಥ ಪ್ರೊಸೆಸರುಳ್ಳವರು ಸ್ಟಿಕ್ಕಿಗೆ ದುಡ್ಡು ಸುರಿಯುವ ಮೊದಲು ಈ ತಿದ್ದುಪಡಿ ತಮ್ಮ ಯಂತ್ರಕ್ಕೆ ಆಗಿದೆಯೇ ಎಂದು ನೋಡತಕ್ಕದ್ದು.

ದುಡ್ಡಿನ ಮಾತನ್ನು ಆಡಿಯೇ ತೀರಬೇಕು. ೨೦೨೫ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತವಾಗಿ ಏರಿತು. ಕೆಟ್ಟ ಸ್ಟಿಕ್ಕನ್ನು ಎಸೆಯುವ ಮೊದಲು ಹಳೆಯ ಬಿಲ್ಲನ್ನು ಹುಡುಕಿರಿ, ಹಲವು ತಯಾರಕರು ದೀರ್ಘಕಾಲದ ವಾರಂಟಿ ಕೊಟ್ಟಿರುತ್ತಾರೆ. ಜೋಡಿಯಾಗಿ ಕೊಂಡಿದ್ದರೆ ಎರಡನ್ನೂ ಒಟ್ಟಿಗೆ ಕಳುಹಿಸಲು ಕೇಳುವುದುಂಟು. ಅವು ಹಿಂದಿರುಗುವವರೆಗೆ ಯಂತ್ರಕ್ಕೆ ಬೇರೆ ಸ್ಟಿಕ್ಕೊಂದನ್ನು ಯಾರಿಂದಾದರೂ ಎರವಲು ಪಡೆದಿಟ್ಟುಕೊಳ್ಳುವುದು ಲೇಸು.